ಯೂಗಿಯೊಳಗಿನ ಇನ್ನೊಬ್ಬ: ಅನಿಮೆ ನಾಯಕನ ಎರಡನೆಯ ವ್ಯಕ್ತಿತ್ವವೂ ಹದಿಹರೆಯವೂ

ಶಾಲೆಗೆ ಹೋಗುವ ಹುಡುಗ. ಅವನೊಳಗೆ ಅವನಿಗೇ ಗೊತ್ತಿಲ್ಲದ ಇನ್ನೊಬ್ಬ. ಜಪಾನಿನ ಮಾಂಗಾ ಮತ್ತು ಅನಿಮೆಗಳಲ್ಲಿ ಈ ಜೋಡಿ ಹೊಸದಲ್ಲ. ಒಳಗಿರುವವನು ಕೆಲವು ಕಥೆಗಳಲ್ಲಿ ದೆವ್ವ, ಕೆಲವುಗಳಲ್ಲಿ ಮೃಗ, ಮತ್ತೆ ಕೆಲವುಗಳಲ್ಲಿ ನಾಯಕನದೇ ಬಿಳಿಚಿದ ಪ್ರತಿರೂಪ. ಈ ಒಳಗಿನವನನ್ನು ಹದಿಹರೆಯದ ಸಂಕೇತವೆಂದು ಓದುವ ವ್ಯಾಖ್ಯಾನಗಳನ್ನು ಅಭಿಮಾನಿಗಳು ದಶಕಗಳಿಂದ ಕಟ್ಟುತ್ತ, ಕೆಡವುತ್ತ ಬಂದಿದ್ದಾರೆ. ಇಂಥ ಓದಿಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿಬರುವ ಕೃತಿ ಕಝುಕಿ ತಕಹಾಶಿಯ ‘ಯು-ಗಿ-ಓ!’. ಅದರ ನಾಯಕ ಯೂಗಿ ಮುತೋನ ದೇಹದಲ್ಲಿ ಮೂರು ಸಾವಿರ ವರ್ಷ ಹಿಂದಿನ ಈಜಿಪ್ಟಿನ ಅರಸನೊಬ್ಬನ ಆತ್ಮ ನೆಲೆಸಿರುತ್ತದೆ. ಆ ಅರಸ ನಿಜಕ್ಕೂ ಯಾರು ಎಂಬ ಪ್ರಶ್ನೆಗೆ ಕಥೆ ಒಂದು ಉತ್ತರ ಕೊಡುತ್ತದೆ. ಓದುಗರು ಹಲವು ಉತ್ತರ ಕೊಟ್ಟಿದ್ದಾರೆ.

‘ಯು-ಗಿ-ಓ!’ ಮಾಂಗಾ 1996ರ ಸೆಪ್ಟೆಂಬರಿನಿಂದ 2004ರ ಮಾರ್ಚ್‌ವರೆಗೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 343 ಅಧ್ಯಾಯಗಳು, 38 ಸಂಪುಟಗಳು. 1998ರಲ್ಲಿ ತೋಯಿ ಸಂಸ್ಥೆ ಇದನ್ನು 27 ಕಂತುಗಳ ಅನಿಮೆಯಾಗಿ ತಂದಿತು. ಜಗತ್ತಿನ ಬಹುತೇಕ ಮಂದಿ ನೋಡಿರುವುದು ಅದನ್ನಲ್ಲ, 2000ದ ಏಪ್ರಿಲಿನಲ್ಲಿ ಶುರುವಾಗಿ 2004ರ ಸೆಪ್ಟೆಂಬರಿನಲ್ಲಿ ಮುಗಿದ 224 ಕಂತುಗಳ ‘ಡ್ಯುಯೆಲ್ ಮಾನ್‌ಸ್ಟರ್ಸ್’ ಸರಣಿಯನ್ನು. ಈ ವ್ಯತ್ಯಾಸವನ್ನು ಮೊದಲೇ ಗಮನದಲ್ಲಿಡಬೇಕು. ಏಕೆಂದರೆ ಎರಡನೆಯ ಸರಣಿ ಮಾಂಗಾದ ಆರಂಭದ ಸುಮಾರು ಏಳು ಸಂಪುಟಗಳನ್ನು ಹೆಚ್ಚುಕಡಿಮೆ ಹಾರಿಸಿಬಿಟ್ಟಿದೆ. ಹದಿಹರೆಯದ ವ್ಯಾಖ್ಯಾನಕ್ಕೆ ಬೇಕಾದ ಸಾಕ್ಷ್ಯದ ದೊಡ್ಡ ಪಾಲು ಇರುವುದೇ ಅಲ್ಲಿ.

ಮೊದಲ ಅಧ್ಯಾಯವನ್ನೇ ನೋಡಬಹುದು. ಯೂಗಿ ಡೊಮಿನೊ ಹೈಸ್ಕೂಲಿನ ವಿದ್ಯಾರ್ಥಿ. ಎತ್ತರ 153 ಸೆಂಟಿಮೀಟರ್, ಮುಖ ಇನ್ನೂ ಪ್ರಾಥಮಿಕ ಶಾಲೆಯ ಮಗುವಿನದು. ಬಿಡುವಿನ ವೇಳೆಯಲ್ಲಿ ಉಳಿದವರೆಲ್ಲ ಬ್ಯಾಸ್ಕೆಟ್‌ಬಾಲ್ ಆಡಲು ಹೊರಗೋಡಿದರೆ ಇವನು ತರಗತಿಯಲ್ಲಿ ಒಬ್ಬನೇ ಕೂತು ಆಟದ ಪೆಟ್ಟಿಗೆ ಬಿಚ್ಚುತ್ತಾನೆ. ಆಟದ ಸಾಮಾನಿನ ಅಂಗಡಿ ನಡೆಸುವ ಅಜ್ಜನಿಂದ ಬಂದ, ಈಜಿಪ್ಟಿನ ಗೋರಿಯೊಂದರಲ್ಲಿ ಸಿಕ್ಕ ಚಿನ್ನದ ಒಗಟನ್ನು ಎಂಟು ವರ್ಷಗಳಿಂದ ಜೋಡಿಸುತ್ತಲೇ ಇದ್ದಾನೆ. ಒಗಟು ಪೂರ್ತಿಯಾದರೆ ಅವನ ಬೇಡಿಕೆ ಒಂದೇ: ಎಂದೂ ಕೈಬಿಡದ ಗೆಳೆಯರು. ಶಾಲೆಯ ಶಿಸ್ತು ನೋಡಿಕೊಳ್ಳುವ ಉಶಿಯೊ ಎಂಬ ದಾಂಡಿಗ ‘ನಿನಗೆ ರಕ್ಷಣೆ ಕೊಟ್ಟಿದ್ದೇನೆ’ ಎಂದು ಹೇಳಿ, ಯೂಗಿ ಕೇಳದೆಯೇ ಅವನ ಇಬ್ಬರು ಸಹಪಾಠಿಗಳನ್ನು ಹೊಡೆದು ಹಾಕುತ್ತಾನೆ. ಆ ಸೇವೆಗೆ ಎರಡು ಲಕ್ಷ ಯೆನ್ ಕೇಳುತ್ತಾನೆ. ಅದೇ ರಾತ್ರಿ ಒಗಟು ಪೂರ್ತಿಯಾಗುತ್ತದೆ. ಶಾಲೆಯ ಅಂಗಳಕ್ಕೆ ಉಶಿಯೊನನ್ನು ಕರೆಸಿಕೊಂಡು ನಿಂತವನು ಬೇರೆಯೇ ಯೂಗಿ. ಕಣ್ಣು ಚೂಪಾಗಿದೆ, ನಿಲುವು ನೆಟ್ಟಗಾಗಿದೆ, ಮಾತಿನಲ್ಲಿ ಅಂಜಿಕೆಯಿಲ್ಲ. ಅವನು ಒಂದು ಆಟ ಹೂಡುತ್ತಾನೆ: ಕೈಯ ಹಿಂಬದಿಯ ಮೇಲೆ ನೋಟಿನ ಕಟ್ಟು ಇಟ್ಟು, ಅದಕ್ಕೆ ಚಾಕುವಿನಿಂದ ಚುಚ್ಚಿ, ತಾಗಿದಷ್ಟು ನೋಟು ತೆಗೆದುಕೊಳ್ಳುವುದು. ಆಸೆ ಹೆಚ್ಚಾದರೆ ಚಾಕು ಕೈಗೇ ಇಳಿಯುತ್ತದೆ. ಉಶಿಯೊ ನಿಯಮ ಮುರಿಯುತ್ತಾನೆ. ಅವನಿಗೆ ಬೀಳುವ ದಂಡವೆಂದರೆ ಕಸ, ತರಗೆಲೆಗಳೆಲ್ಲ ಹಣವಾಗಿ ಕಾಣುವ ಭ್ರಮೆ. ಬೆಳಗ್ಗೆ ಯೂಗಿಗೆ ಇದು ಯಾವುದೂ ನೆನಪಿಲ್ಲ.

ಹದಿಹರೆಯದ ಮನಸ್ಸಿನ ಸೇಡಿನ ಕನಸನ್ನು ಇದಕ್ಕಿಂತ ನೇರವಾಗಿ ಚಿತ್ರಿಸುವುದು ಕಷ್ಟ. ಅವಮಾನ ಹಗಲಿನದು, ಪ್ರತೀಕಾರ ರಾತ್ರಿಯದು. ಹೊಣೆ ಮಾತ್ರ ಯಾರದೂ ಅಲ್ಲ.

ತಕಹಾಶಿ ಸ್ವತಃ ಸಂದರ್ಶನಗಳಲ್ಲಿ ಎರಡು ಮಾತುಗಳನ್ನು ಹೇಳಿದ್ದರು. ನಾಯಕ ಯಾರಿಗೂ ಕೈಯೆತ್ತಿ ಹೊಡೆಯದ ಒಂದು ಹೋರಾಟದ ಮಾಂಗಾ ಬರೆಯಬೇಕೆಂಬುದು ಒಂದು. ಬೇರೊಬ್ಬರಾಗಿ ಬದಲಾಗಬೇಕೆಂದು ಪ್ರತಿ ಮಗುವೂ ಕಾಣುವ ಕನಸೇ ತಮ್ಮ ಕಥೆಯ ಕೇಂದ್ರ ಎಂಬುದು ಇನ್ನೊಂದು. ಜಪಾನಿನ ಜನಪ್ರಿಯ ಕಲೆಯಲ್ಲಿ ಈ ‘ಹೆನ್ಶಿನ್’ ಅಥವಾ ರೂಪಬದಲಿಗೆ ಉದ್ದನೆಯ ಪರಂಪರೆಯಿದೆ. 1971ರಲ್ಲಿ ‘ಕಾಮೆನ್ ರೈಡರ್’ ಟಿವಿಗೆ ಬಂದಾಗ ಬೆಲ್ಟು ಕಟ್ಟಿಕೊಂಡು ರೂಪ ಬದಲಿಸುವ ಆಟ ಮಕ್ಕಳ ನಡುವೆ ಹುಚ್ಚಾಗಿ ಹಬ್ಬಿತು. ಅದೇ ವರ್ಷ ಮಾಂಗಾ ಕಲಾವಿದ ಒಸಾಮು ತೆಜುಕಾ ‘ಮಾರ್ವೆಲಸ್ ಮೆಲ್ಮೊ’ ಅನಿಮೆಯಲ್ಲಿ ನೀಲಿ ಮಿಠಾಯಿ ತಿಂದರೆ ಹತ್ತು ವರ್ಷ ದೊಡ್ಡವಳಾಗುವ, ಕೆಂಪು ತಿಂದರೆ ಹತ್ತು ವರ್ಷ ಚಿಕ್ಕವಳಾಗುವ ಹುಡುಗಿಯನ್ನು ತಂದರು. ಮಕ್ಕಳಿಗೆ ದೇಹದ ಬೆಳವಣಿಗೆಯ, ಲೈಂಗಿಕತೆಯ ತಿಳಿವಳಿಕೆ ಕೊಡುವುದು ಆ ಸರಣಿಯ ಘೋಷಿತ ಉದ್ದೇಶವೇ ಆಗಿತ್ತು. ಅಂದರೆ ರೂಪಬದಲಿಯನ್ನು ಪ್ರಾಯಕ್ಕೆ ಬರುವುದರ ರೂಪಕವಾಗಿ ಓದುವುದು ಅಭಿಮಾನಿಗಳು ಮೇಲಿನಿಂದ ಹೇರಿದ್ದಲ್ಲ. ಸೃಷ್ಟಿಕರ್ತರೇ ಅದನ್ನು ತಿಳಿದು ಬಳಸಿದ್ದಾರೆ.

ಯೂಗಿಯ ನೇರ ಪೂರ್ವಜನನ್ನು ಹುಡುಕುವುದಾದರೆ ಅವನೂ ತೆಜುಕಾರಲ್ಲೇ ಸಿಗುತ್ತಾನೆ. 1974ರಿಂದ 1978ರವರೆಗೆ ಬಂದ ‘ಮೂರು ಕಣ್ಣಿನವನು’ ಮಾಂಗಾದ ಶರಾಕು ಹೊಸುಕೆ ಮಾಧ್ಯಮಿಕ ಶಾಲೆಯ ಹುಡುಗ. ಹಣೆಗೆ ಸದಾ ಬ್ಯಾಂಡೇಜು. ಅದು ಅಂಟಿಕೊಂಡಿರುವಷ್ಟು ಹೊತ್ತು ಅವನು ಮಗುವಿನಷ್ಟು ಪೆದ್ದ, ಎಲ್ಲರ ಗೇಲಿಗೆ ಗುರಿ. ಬ್ಯಾಂಡೇಜು ಕಿತ್ತರೆ ಮೂರನೆಯ ಕಣ್ಣು ತೆರೆಯುತ್ತದೆ. ಅಳಿದುಹೋದ ಪ್ರಾಚೀನ ಜನಾಂಗವೊಂದರ ಬುದ್ಧಿಶಕ್ತಿ ಎಚ್ಚರಗೊಂಡು ಅವನು ಲೋಕವನ್ನೇ ಆಳಹೊರಡುವ ಸೊಕ್ಕಿನ ಮೇಧಾವಿಯಾಗುತ್ತಾನೆ. ಮುಗ್ಧ ಹುಡುಗ, ಪ್ರಾಚೀನ ನಾಗರಿಕತೆ, ಕ್ರೂರ ಜಾಣ್ಮೆ, ಅವನ ಎರಡೂ ಮುಖಗಳನ್ನು ಬಲ್ಲ ಒಬ್ಬಳು ಗೆಳತಿ. ‘ಯು-ಗಿ-ಓ!’ದ ಎಲ್ಲ ಅಂಶಗಳೂ ಎರಡು ದಶಕ ಮೊದಲೇ ಇಲ್ಲಿ ಸಿದ್ಧವಾಗಿವೆ. ಒಂದೇ ವ್ಯತ್ಯಾಸ: ಶರಾಕುವಿನ ಬ್ಯಾಂಡೇಜು ಮತ್ತೆ ಮತ್ತೆ ಅಂಟುತ್ತದೆ, ಅವನು ಬೆಳೆಯುವುದೇ ಇಲ್ಲ. ಯೂಗಿ ಬೆಳೆಯುತ್ತಾನೆ.

ಅಭಿಮಾನಿಗಳ ವ್ಯಾಖ್ಯಾನಗಳಲ್ಲಿ ಅತಿ ಸರಳವಾದದ್ದು ದೇಹಕ್ಕೆ ಸಂಬಂಧಿಸಿದ್ದು. ಇನ್ನೊಬ್ಬ ಯೂಗಿ ಬಂದಾಗ ದನಿ ದಪ್ಪವಾಗುತ್ತದೆ, ಮುಖದ ದುಂಡುತನ ಹೋಗುತ್ತದೆ, ಎತ್ತರವೂ ಹೆಚ್ಚಿದಂತೆ ಕಾಣುತ್ತದೆ. ಮೀಸೆ ಮೂಡುವ ವಯಸ್ಸಿನ ಹುಡುಗ ಕನ್ನಡಿಯಲ್ಲಿ ಕಾಣಬಯಸುವ ರೂಪವೇ ಇದು ಎಂಬುದು ವಾದ. ನೋಡಲು ಒಪ್ಪುವಂತಿದ್ದರೂ ಇದರ ಬುನಾದಿ ಗಟ್ಟಿಯಿಲ್ಲ. ಟಿವಿ ನೋಡುವ ಮಗುವಿಗೆ ಈಗ ಮಾತಾಡುತ್ತಿರುವವನು ಯಾರು ಎಂದು ತಟ್ಟನೆ ತಿಳಿಯಬೇಕಾದರೆ ಚಿತ್ರಕಾರ ಇಷ್ಟನ್ನಾದರೂ ಮಾಡಲೇಬೇಕು.

ಆದರೆ ಈ ವಾದಕ್ಕೆ ಅನ್ಝು ಮಝಾಕಿಯ ಪ್ರಸಂಗ ಸೇರಿದಾಗ ತೂಕ ಬರುತ್ತದೆ. ಅನ್ಝು ಯೂಗಿಯ ಬಾಲ್ಯದ ಗೆಳತಿ. ನರ್ತಕಿಯಾಗಲು ನ್ಯೂಯಾರ್ಕಿಗೆ ಹೋಗಬೇಕೆಂಬ ಆಸೆಯಿಂದ, ಶಾಲೆಯವರಿಗೆ ಗೊತ್ತಾಗದಂತೆ ಬರ್ಗರ್ ಅಂಗಡಿಯಲ್ಲಿ ಕೆಲಸ ಮಾಡಿ ಹಣ ಕೂಡಿಸುತ್ತಿರುತ್ತಾಳೆ. ಜೈಲಿನಿಂದ ತಪ್ಪಿಸಿಕೊಂಡು ಬಂದ ಕೈದಿಯೊಬ್ಬ ಅಂಗಡಿಗೆ ನುಗ್ಗಿ ಅವಳನ್ನು ಒತ್ತೆಯಾಳಾಗಿ ಹಿಡಿದು ಕಣ್ಣಿಗೆ ಬಟ್ಟೆ ಕಟ್ಟುತ್ತಾನೆ. ಅವಳನ್ನು ಬಿಡಿಸಿದವನ ಮುಖ ಅವಳಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಆ ದನಿಗೆ ಅವಳು ಮನಸೋಲುತ್ತಾಳೆ. ಮುಂದೆ ಅದು ಯೂಗಿಯದೇ ಇರಬಹುದೆಂಬ ಗುಮಾನಿ ಹುಟ್ಟಿ, ಅವನನ್ನು ಮತ್ತೆ ಕಾಣಲೆಂದೇ ಯೂಗಿಯ ಜೊತೆ ಸುತ್ತಾಟಕ್ಕೆ ಹೋಗುತ್ತಾಳೆ. ತಾನು ಮೆಚ್ಚಿದ ಹುಡುಗಿ ತನ್ನೊಳಗೇ ಇರುವ, ಆದರೆ ತಾನಲ್ಲದ ಒಬ್ಬನನ್ನು ಮೆಚ್ಚುವುದು ಯೂಗಿಯ ಅತ್ಯಂತ ಖಾಸಗಿ ನೋವು. 1983ರ ‘ಕ್ರೀಮಿ ಮಾಮಿ’ ಅನಿಮೆಯಲ್ಲಿ ಹತ್ತು ವರ್ಷದ ಯೂ ಮಂತ್ರದಂಡದಿಂದ ಹದಿಹರೆಯದ ಗಾಯಕಿಯಾಗಿ ಮಾರ್ಪಟ್ಟಾಗ, ಅವಳು ಇಷ್ಟಪಡುವ ತೋಶಿಯೊ ಆ ಗಾಯಕಿಯ ಹಿಂದೆ ಬಿದ್ದು ಯೂವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದೇ ಸಂಕಟದ ಹೆಣ್ಣು ಆವೃತ್ತಿ ಅದು. ಯೂಗೆ ಆ ಶಕ್ತಿ ಸಿಕ್ಕಿರುವುದು ಒಂದೇ ಒಂದು ವರ್ಷಕ್ಕೆ, ಆಮೇಲೆ ಹಿಂದಿರುಗಿಸಲೇಬೇಕು. ಈ ಅವಧಿಯ ಮಾತು ಮುಂದೆ ಮುಖ್ಯವಾಗುತ್ತದೆ.

ಎರಡನೆಯ ವ್ಯಾಖ್ಯಾನ ಇನ್ನೂ ದಿಟ್ಟ: ಅರಸನೆಂಬವನೇ ಇಲ್ಲ, ಎಲ್ಲವೂ ಒಂಟಿ ಹುಡುಗನ ಮನಸ್ಸಿನ ಸೃಷ್ಟಿ. ಇದನ್ನು ನಂಬುವವರು ಆರಂಭದ ಅಧ್ಯಾಯಗಳನ್ನು ಮುಂದಿಡುತ್ತಾರೆ. ಅಲ್ಲಿ ಇನ್ನೊಬ್ಬ ಯೂಗಿಗೆ ಇತಿಹಾಸವಿಲ್ಲ, ಸಿಂಹಾಸನವಿಲ್ಲ, ತಾನು ಅರಸನೆಂಬ ಅರಿವೂ ಇಲ್ಲ. ಅವನು ಕಾಣಿಸಿಕೊಳ್ಳುವುದು ಯೂಗಿಗೋ ಅವನ ಗೆಳೆಯರಿಗೋ ಅನ್ಯಾಯವಾದಾಗ ಮಾತ್ರ. ಕಾಲಾವಧಿಗಳು ನೆನಪಿನಿಂದ ಮಾಯವಾಗುವುದನ್ನು ಹಿಡಿದು ಕೆಲವರು ಇದಕ್ಕೆ ಮಾನಸಿಕ ಕಾಯಿಲೆಯ ಹೆಸರನ್ನೂ ಅಂಟಿಸುತ್ತಾರೆ. ಈ ಕೊನೆಯ ಹೆಜ್ಜೆ ಒಪ್ಪತಕ್ಕದ್ದಲ್ಲ. ವ್ಯಕ್ತಿತ್ವ ಒಡೆಯುವ ಕಾಯಿಲೆ ಸಾಮಾನ್ಯವಾಗಿ ಎಳವೆಯ ತೀವ್ರ ಆಘಾತದೊಂದಿಗೆ ತಳಕು ಹಾಕಿಕೊಂಡಿರುವ, ಅನುಭವಿಸುವವರಿಗೆ ಬಹಳ ಹಿಂಸೆ ಕೊಡುವ ಸ್ಥಿತಿ. ಸಾಹಸಕಥೆಯ ಅಲಂಕಾರ ಅದಲ್ಲ. ಕಥೆಯೂ ಈ ಓದಿಗೆ ಬಹಳ ದೂರ ಜೊತೆ ಕೊಡುವುದಿಲ್ಲ. ಎರಡನೆಯ ಸಂಪುಟದ ಹೊತ್ತಿಗೇ ಹೊರಗಿನವನೊಬ್ಬ ಬಂದು ಯೂಗಿಯ ಮನಸ್ಸಿನೊಳಗೆ ಕಾಲಿಡುತ್ತಾನೆ.

ಆ ಹೊರಗಿನವನು ಶಾದಿ, ಈಜಿಪ್ಟಿನ ಗೋರಿಗಳನ್ನು ಕಾಯುವವನು. ಅವನ ಬಳಿ ಮನುಷ್ಯರ ಮನಸ್ಸೆಂಬ ಕೋಣೆಯ ಬಾಗಿಲು ತೆರೆಯುವ ಕೀಲಿಯಿದೆ. ಎಲ್ಲರಿಗೂ ಒಂದೇ ಕೋಣೆ ಇರಬೇಕು. ಯೂಗಿಯಲ್ಲಿ ಎದುರುಬದುರಾಗಿ ಎರಡು ಬಾಗಿಲು. ಒಂದರೊಳಗೆ ಬೆಳಕು ತುಂಬಿದೆ, ನೆಲದ ತುಂಬ ಆಟಿಕೆಗಳು ಚೆಲ್ಲಿವೆ, ಮುಚ್ಚುಮರೆಯೇ ಇಲ್ಲ. ಇನ್ನೊಂದರೊಳಗೆ ಕತ್ತಲು, ಮೇಲೆ ಕೆಳಗೆ ಅಡ್ಡಾದಿಡ್ಡಿ ಮೆಟ್ಟಿಲುಗಳು, ಸುಳ್ಳು ಬಾಗಿಲುಗಳು, ಕಾಲಿಟ್ಟರೆ ಕುಸಿಯುವ ನೆಲ. ನಿಜವಾದ ಕೋಣೆ ಯಾವುದೆಂದು ಹುಡುಕು ಎಂದು ಅಲ್ಲಿನವನು ಸವಾಲೆಸೆಯುತ್ತಾನೆ. ತಕಹಾಶಿ ಬರೆದ ಸಾವಿರಾರು ಚೌಕಗಳಲ್ಲಿ ಹದಿಹರೆಯದ ವ್ಯಾಖ್ಯಾನಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಆಟಿಕೆಯ ಕೋಣೆಗೂ ಬೀಗ ಹಾಕಿದ ಕೋಣೆಗೂ ನಡುವೆ ಇರುವುದು ಒಂದು ಕಿರಿದಾದ ಓಣಿ ಮಾತ್ರ, ಮತ್ತು ಮಗು ಆ ಓಣಿಯನ್ನು ಇನ್ನೂ ದಾಟಿಲ್ಲ.

ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದ ‘ನೆರಳು’ ಎಂಬ ಪರಿಕಲ್ಪನೆಯನ್ನು ಅಭಿಮಾನಿಗಳು ಬಹಳ ಪ್ರೀತಿಯಿಂದ ಬಳಸುತ್ತಾರೆ. ಮನುಷ್ಯ ತನ್ನದೆಂದು ಒಪ್ಪದ ಗುಣಗಳೆಲ್ಲ ಒಳಗೆ ಸೇರಿ ಇನ್ನೊಬ್ಬನಾಗುತ್ತವೆ, ಅವನನ್ನು ಗುರುತಿಸಿ ಒಪ್ಪಿಕೊಳ್ಳುವುದೇ ಬೆಳವಣಿಗೆ ಎಂಬುದು ಇದರ ಸಾರ. ಯೂಗಿಗೆ ಕೋಪ ಬರುವುದಿಲ್ಲ, ಇನ್ನೊಬ್ಬನಿಗೆ ಅದೇ ಬಂಡವಾಳ. ಹೀಗಾಗಿ ಓದು ಸರಾಗವಾಗಿ ಕೂರುತ್ತದೆ. ಇದಕ್ಕೆ ಬಲವಾದ ಆಧಾರ ‘ಡ್ಯುಯೆಲಿಸ್ಟ್ ಕಿಂಗ್‌ಡಮ್’ ಭಾಗದಲ್ಲಿದೆ. ತಮ್ಮ ಮೊಕುಬನನ್ನು ಬಿಡಿಸಲೇಬೇಕಾದ, ಯೂಗಿಯ ಎದುರಾಳಿ ಸೆಟೊ ಕೈಬಾ, ಕಾರ್ಡಿನಾಟದಲ್ಲಿ ಸೋಲು ಖಚಿತವಾದಾಗ ಕೋಟೆಯ ಗೋಡೆಯ ಅಂಚಿಗೆ ಹೋಗಿ ನಿಲ್ಲುತ್ತಾನೆ. ನೀನು ದಾಳಿ ಮಾಡಿದರೆ ಅದರ ಹೊಡೆತಕ್ಕೆ ನಾನು ಬಿದ್ದು ಸಾಯುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಯೂಗಿ ಆದರೂ ದಾಳಿಗೆ ಮುಂದಾಗುತ್ತಾನೆ. ಅವನನ್ನು ಒಳಗಿನಿಂದ ತಡೆದು ನಿಲ್ಲಿಸುವವನು ಆ ಪುಟ್ಟ, ಅಳುಬುರುಕ ಯೂಗಿ. ಆಟ ಸೋಲುತ್ತಾನೆ, ನೆಲಕ್ಕೆ ಕುಸಿದು ಬಿಕ್ಕುತ್ತಾನೆ, ತನ್ನೊಳಗಿರುವವನನ್ನು ಕಂಡು ತಾನೇ ನಡುಗುತ್ತಾನೆ. ಅಲ್ಲಿಯವರೆಗೆ ರಕ್ಷಕನಾಗಿದ್ದವನಿಗೆ ಮೊದಲ ಬಾರಿ ಲಗಾಮು ಬೀಳುತ್ತದೆ. ಲಗಾಮು ಹಿಡಿದವನು ದುರ್ಬಲನೆನಿಸಿಕೊಂಡವನು.

ಆದರೆ ಯೂಂಗ್‌ನ ನೆರಳು ಹೊರಗಿನಿಂದ ಬಂದವನಲ್ಲ, ಅವನು ಬಿಟ್ಟು ಹೋಗುವವನೂ ಅಲ್ಲ. ‘ಯು-ಗಿ-ಓ!’ದಲ್ಲಿ ಇನ್ನೊಬ್ಬ ಯೂಗಿ ಹೊರಗಿನಿಂದ ಬರುತ್ತಾನೆ, ಕೊನೆಗೆ ಹೊರಟೂ ಹೋಗುತ್ತಾನೆ. ಈ ಓದು ಅಲ್ಲಿಗೆ ನಿಂತುಬಿಡುತ್ತದೆ.

ಮೂರನೆಯ ಗುಂಪಿನವರು ಪ್ರಶ್ನೆಯನ್ನೇ ತಿರುಗಿಸುತ್ತಾರೆ. ಹದಿಹರೆಯದವನು ಯೂಗಿಯಲ್ಲ, ಅರಸನೇ ಎನ್ನುತ್ತಾರೆ. ಎಳೆಯ ವಯಸ್ಸಿನಲ್ಲೇ ಪಟ್ಟಕ್ಕೆ ಬಂದು, ರಾಜ್ಯವನ್ನು ಉಳಿಸಲು ತನ್ನ ಆತ್ಮವನ್ನೇ ಒಗಟಿನೊಳಗೆ ಮುದ್ರೆಹಾಕಿಕೊಂಡ ಅವನಿಗೆ ಎಚ್ಚರವಾದಾಗ ತನ್ನ ಹೆಸರೂ ನೆನಪಿಲ್ಲ. ಆಟ ಗೆಲ್ಲುವುದರಲ್ಲಿ ಅವನಿಗೆ ಸರಿಸಾಟಿಯಿಲ್ಲ. ತಾನು ಯಾರೆಂದು ಕೇಳಿದರೆ ಉತ್ತರವಿಲ್ಲ. ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ ಗ್ರಂಥದಲ್ಲಿ ಹದಿಹರೆಯದ ಮುಖ್ಯ ಬಿಕ್ಕಟ್ಟೆಂದು ಗುರುತಿಸಿದ್ದು ಇದನ್ನೇ: ತಾನು ಯಾರೆಂಬ ಖಚಿತತೆಗೂ ಯಾವ ಪಾತ್ರವೂ ಕೂಡಿಬರದ ಗೊಂದಲಕ್ಕೂ ನಡುವಿನ ಎಳೆದಾಟ. ಮಾಂಗಾದಲ್ಲಿಲ್ಲದ, ಅನಿಮೆಗೆಂದೇ ಹೆಣೆದ ದೋಮಾ ಪ್ರಸಂಗವೂ ಈ ವಾದಕ್ಕೆ ನೆರವಾಗುತ್ತದೆ. ಸೋಲನ್ನು ತಾಳಲಾರದ ಅರಸ, ಬೇಡವೆಂದು ಯೂಗಿ ಅಂಗಲಾಚಿದರೂ ಕೇಳದೆ ಒರಿಕಾಲ್ಕೋಸ್ ಎಂಬ ಕೇಡಿನ ಕಾರ್ಡನ್ನು ಆಡುತ್ತಾನೆ. ಸೋತಾಗ ದಂಡವಾಗಿ ಹೋಗುವುದು ಯೂಗಿಯ ಆತ್ಮ. ಆಮೇಲೆ ಅರಸ ಪಡುವ ಪಶ್ಚಾತ್ತಾಪ ಹಟಮಾರಿ ಹುಡುಗನದು, ಮೂರು ಸಾವಿರ ವರ್ಷದ ಜ್ಞಾನಿಯದಲ್ಲ.

ಕಥೆಯಲ್ಲಿ ಎರಡು ವ್ಯಕ್ತಿತ್ವ ಹೊತ್ತವನು ಯೂಗಿ ಒಬ್ಬನೇ ಅಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ. ಬೇರೆ ಶಾಲೆಯಿಂದ ಬಂದು ಸೇರಿದ ಸೌಮ್ಯ ಸ್ವಭಾವದ ರ್ಯೋ ಬಕುರಾನೊಳಗೆ ಕಳ್ಳನ ಆತ್ಮವೊಂದಿದೆ. ಅದು ಅವನ ಗೆಳೆಯರನ್ನು ಆಟದ ಬೊಂಬೆಗಳನ್ನಾಗಿ ಮಾಡಿಬಿಡುತ್ತದೆ. ಮಲಿಕ್ ಇಶ್ತಾರ್‌ನ ಕಥೆ ಇನ್ನೂ ಘೋರ. ಅವನು ಗೋರಿ ಕಾಯುವ ಮನೆತನದ ಉತ್ತರಾಧಿಕಾರಿ. ಹತ್ತನೆಯ ವಯಸ್ಸಿನಲ್ಲಿ ನೆಲದಡಿಯ ಕತ್ತಲಲ್ಲಿ ಅವನನ್ನು ಮಲಗಿಸಿ, ಅರಸನ ರಹಸ್ಯಲಿಪಿಯನ್ನು ಬೆನ್ನ ಮೇಲೆ ಕತ್ತಿಯಿಂದ ಕೆತ್ತುತ್ತಾರೆ. ಅದು ಅವನ ವಂಶದ ದೀಕ್ಷೆ. ಆ ನೋವಿನಲ್ಲೇ ಅವನ ಕರಾಳ ಪ್ರತಿರೂಪ ಹುಟ್ಟುತ್ತದೆ. ಹುಡುಗನನ್ನು ದೊಡ್ಡವನನ್ನಾಗಿಸುವ ವಿಧಿಯೇ ಅವನನ್ನು ಎರಡಾಗಿ ಸೀಳುವುದನ್ನು ತಕಹಾಶಿ ಇಷ್ಟು ಬಿಡಿಸಿ ತೋರಿಸಿರುವಾಗ, ಯೂಗಿಯ ಒಗಟನ್ನೂ ಒಂದು ದೀಕ್ಷೆಯಾಗಿ ನೋಡುವುದು ಸಹಜ. ಹಿರಿಯರು ಹೇರಿದ ದೀಕ್ಷೆಯಿಂದ ಹುಟ್ಟಿದ ಇನ್ನೊಬ್ಬ ಮಲಿಕ್‌ನನ್ನು ನುಂಗಲು ಬರುತ್ತಾನೆ. ಯೂಗಿ ತಾನಾಗಿ ಎಂಟು ವರ್ಷ ಕೂತು ಬಿಡಿಸಿದ ಒಗಟಿನಿಂದ ಬಂದವನು ಗೆಳೆಯನಾಗುತ್ತಾನೆ.

ಇಲ್ಲಿಂದ ಹೊರಡುವ ನಾಲ್ಕನೆಯ ವ್ಯಾಖ್ಯಾನವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಜನಾಂಗಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಸಂಸ್ಕಾರವಿಧಿಗಳ ಕುರಿತ ತನ್ನ ಫ್ರೆಂಚ್ ಗ್ರಂಥದಲ್ಲಿ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವ ವಿಧಿಗಳಿಗೆ ಮೂರು ಘಟ್ಟ ಹೇಳಿದ: ಬೇರ್ಪಡುವುದು, ಹೊಸ್ತಿಲ ಮೇಲೆ ನಿಲ್ಲುವುದು, ಹೊಸಬನಾಗಿ ಮರಳಿ ಸೇರುವುದು. ಜಪಾನಿನಲ್ಲೇ ಸಮುರಾಯಿ ಮನೆತನಗಳ ಹುಡುಗರಿಗೆ ‘ಗೆನ್ಪುಕು’ ಎಂಬ ವಿಧಿಯಿತ್ತು. ಅದರಲ್ಲಿ ಕೂದಲಿನ ಶೈಲಿ ಬದಲಾಗುತ್ತಿತ್ತು, ತಲೆಗೆ ದೊಡ್ಡವರ ಟೋಪಿ ಬರುತ್ತಿತ್ತು, ಬಾಲ್ಯದ ಹೆಸರು ಹೋಗಿ ಹೊಸ ಹೆಸರು ಸಿಗುತ್ತಿತ್ತು. ‘ಯು-ಗಿ-ಓ!’ದ ಕೊನೆಯ ಭಾಗವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅರಸನಿಗೆ ಕಳೆದುಹೋದ ಹೆಸರು ಸಿಗುತ್ತದೆ: ಅತೆಮ್. ಅದನ್ನು ತಂದುಕೊಡುವವರು ಯೂಗಿ ಮತ್ತು ಅವನ ಗೆಳೆಯರು. ಹೆಸರು ಸಿಕ್ಕ ಮೇಲೆ ಅವನು ಸತ್ತವರ ಲೋಕಕ್ಕೆ ಮರಳಬೇಕು. ಮರಳಬೇಕಾದರೆ ಒಂದು ವಿಧಿ ನಡೆಯಬೇಕು. ಆ ವಿಧಿ ಒಂದು ಆಟ, ಎದುರಾಳಿ ಯೂಗಿ, ಮತ್ತು ಅರಸ ಸೋಲಬೇಕು.

ಸತ್ತವರ ಲೋಕದ ಕಲ್ಲಿನ ಬಾಗಿಲ ಮುಂದೆ ಮೊದಲ ಬಾರಿ ಇಬ್ಬರೂ ಬೇರೆ ಬೇರೆ ದೇಹಗಳಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಅತೆಮ್ ತನ್ನ ಮೂರು ದೇವತಾ ಕಾರ್ಡುಗಳನ್ನೂ ಇಳಿಸುತ್ತಾನೆ. ಯೂಗಿ ಆಯ್ದುಕೊಂಡ ಕಾರ್ಡುಗಳನ್ನು ಗಮನಿಸಬೇಕು. ‘ಮೌನ ಖಡ್ಗಧಾರಿ’, ‘ಮೌನ ಮಾಂತ್ರಿಕೆ’ ಎಂಬ ಇಬ್ಬರೂ ಪುಟ್ಟ ರೂಪದಲ್ಲಿ ಕಣಕ್ಕಿಳಿದು, ಆಟ ಸಾಗಿದಂತೆ ಹಂತ ಹಂತವಾಗಿ ಬೆಳೆದು ದೊಡ್ಡವರಾಗುವ ಪಾತ್ರಗಳು. ಅರಸನ ಕಾರ್ಡುಗಳು ಹುಟ್ಟಾ ಬಲಿಷ್ಠ, ಯೂಗಿಯವು ಬೆಳೆಯುವಂಥವು. ಮೂರು ದೇವತೆಗಳೂ ಒಂದೇ ಸರದಿಯಲ್ಲಿ ಬೀಳುತ್ತಾರೆ. ಕೊನೆಗೆ ಅತೆಮ್ ಸತ್ತವರನ್ನು ಎಬ್ಬಿಸುವ ಕಾರ್ಡನ್ನು ಎಸೆಯುತ್ತಾನೆ. ಅವನು ಅದನ್ನೇ ಎಸೆಯುತ್ತಾನೆಂದು ಮೊದಲೇ ಊಹಿಸಿದ್ದ ಯೂಗಿ, ಅದೇ ಕಾರ್ಡನ್ನು ಚಿನ್ನದ ಪೆಟ್ಟಿಗೆಯೊಳಗೆ ಮುದ್ರೆಹಾಕಿಟ್ಟಿರುತ್ತಾನೆ. ಅದರ ಶಕ್ತಿ ನಡೆಯುವುದಿಲ್ಲ. ಸತ್ತವರು ಮತ್ತೆ ಏಳಬಾರದು ಎಂದು ಹೇಳಲು ಯೂಗಿಗೆ ಇದಕ್ಕಿಂತ ಸ್ಪಷ್ಟವಾದ ದಾರಿ ಇರಲಿಲ್ಲ. ಗೆದ್ದವನು ಮೊಣಕಾಲೂರಿ ಅಳುತ್ತಾನೆ, ಸೋತವನು ಬಂದು ಎಬ್ಬಿಸುತ್ತಾನೆ. ಬಾಗಿಲು ತೆರೆಯುತ್ತದೆ, ಅತೆಮ್ ಹೋಗುತ್ತಾನೆ.

ಹದಿಹರೆಯದ ವ್ಯಾಖ್ಯಾನದ ತಿರುಳು ಇಲ್ಲಿದೆ. ಇನ್ನೊಬ್ಬ ಯೂಗಿ ಕರಾಳನಾದ್ದರಿಂದ ಹದಿಹರೆಯದ ಸಂಕೇತವಾಗುವುದಿಲ್ಲ, ಬಲಶಾಲಿಯಾದ್ದರಿಂದಲೂ ಅಲ್ಲ. ಕ್ರೀಮಿ ಮಾಮಿಯ ಒಂದು ವರ್ಷದ ಶಕ್ತಿಯಂತೆ ಅವನೂ ತಾತ್ಕಾಲಿಕ ಎಂಬುದೇ ಕಾರಣ. ಹೆದರುವ ಮಗುವಿಗೆ ಕೆಲವು ಕಾಲ ಒಂದು ಧೈರ್ಯದ ಮುಖ ಬೇಕಾಗುತ್ತದೆ. ಆ ಮುಖದಿಂದ ಕಲಿಯುವುದನ್ನು ಕಲಿತು, ಅದನ್ನು ಸೋಲಿಸಿ, ಕಳಿಸಿಕೊಡಬೇಕಾಗುತ್ತದೆ. ಆರಂಭದ ಸೇಡಿನ ಆಟಗಳನ್ನಷ್ಟೇ ಹಿಡಿದು ಮಾಡುವ ವ್ಯಾಖ್ಯಾನಗಳು ಈ ಮುಕ್ತಾಯವನ್ನು ವಿವರಿಸಲಾರವು.

ಎದುರುವಾದವೂ ಇದೆ, ಅದನ್ನು ಲಘುವಾಗಿ ಕಾಣುವಂತಿಲ್ಲ. ಇನ್ನೊಬ್ಬ ಯೂಗಿಯ ಕ್ರೌರ್ಯ ಕಡಿಮೆಯಾದದ್ದು ಪಾತ್ರ ಬೆಳೆದದ್ದರಿಂದಲ್ಲ, ಕಾರ್ಡಿನಾಟ ಜನಪ್ರಿಯವಾದದ್ದರಿಂದ ಎನ್ನುವವರಿದ್ದಾರೆ. ಮಾಂಗಾದಲ್ಲಿ ಕಾರ್ಡಿನಾಟ ಮೊದಲಿಗೆ ಹಲವು ಆಟಗಳಲ್ಲಿ ಒಂದಾಗಿತ್ತಷ್ಟೇ. ಓದುಗರ ಪ್ರತಿಕ್ರಿಯೆ ಹರಿದುಬಂದ ಮೇಲೆ ಕಥೆ ಆ ಕಡೆಗೆ ತಿರುಗಿತು. 1999ರಲ್ಲಿ ಕೊನಾಮಿ ಸಂಸ್ಥೆ ನಿಜವಾದ ಕಾರ್ಡುಗಳನ್ನು ಮಾರುಕಟ್ಟೆಗೆ ತಂದಿತು. 2011ರ ವೇಳೆಗೆ ಮಾರಾಟವಾದ ಕಾರ್ಡುಗಳ ಸಂಖ್ಯೆ 2,500 ಕೋಟಿ ದಾಟಿ ಗಿನ್ನೆಸ್ ದಾಖಲೆಯಾಯಿತು. ಇಷ್ಟು ದೊಡ್ಡ ವ್ಯಾಪಾರದ ಮುಖವಾಗಿರುವ ನಾಯಕ ಶತ್ರುಗಳನ್ನು ಹುಚ್ಚರನ್ನಾಗಿ ಮಾಡುತ್ತ ಕೂರುವಂತಿರಲಿಲ್ಲ. ಈ ವಾದ ಸರಿಯೇ. ಆದರೆ ವ್ಯಾಪಾರದ ಕಾರಣಕ್ಕೆ ಬಂದ ತಿರುವನ್ನು ಕಥೆಗಾರ ಕಥೆಯ ಒಳಗಿನ ಕಾರಣವಾಗಿ ಮಾರ್ಪಡಿಸಬಲ್ಲ. ಗೋಡೆಯ ಅಂಚಿನ ಪ್ರಸಂಗ ಮಾಡಿದ್ದು ಆ ಕೆಲಸವನ್ನೇ. ವ್ಯಾಪಾರವೊಂದೇ ಲೆಕ್ಕವಾಗಿದ್ದರೆ ಅತೆಮ್‌ನನ್ನು ಕಳಿಸಿಕೊಡುವ ಅಗತ್ಯವೂ ಇರಲಿಲ್ಲ.

ಇತರ ಜನಪ್ರಿಯ ಕೃತಿಗಳ ಜೊತೆ ಹೋಲಿಸಿದಾಗ ‘ಯು-ಗಿ-ಓ!’ದ ವಿಶೇಷ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಸಾಶಿ ಕಿಶಿಮೊತೊನ ‘ನರುತೊ’ದಲ್ಲಿ ನಾಯಕ ‘ಸತ್ಯದ ಜಲಪಾತ’ದ ಎದುರು ಕೂತಾಗ, ಊರವರ ತಿರಸ್ಕಾರವನ್ನು ನುಂಗಿಕೊಂಡು ಬೆಳೆದ ಅವನದೇ ಕಹಿ ಪ್ರತಿರೂಪ ಹೊರಬರುತ್ತದೆ. ನರುತೊ ಅದರೊಡನೆ ಕಾದಾಡಿ ಗೆಲ್ಲುವುದಿಲ್ಲ, ತಬ್ಬಿಕೊಳ್ಳುತ್ತಾನೆ, ಅದು ಕರಗುತ್ತದೆ. ಯೂಂಗ್‌ನ ಓದು ಇಲ್ಲಿ ಪೂರ್ತಿ ಸಲ್ಲುತ್ತದೆ. ತಿತೆ ಕುಬೊನ ‘ಬ್ಲೀಚ್’ನಲ್ಲಿ ಹದಿನೈದರ ಇಚಿಗೊನೊಳಗೆ ನೆಟ್ಟಗಿನ ಕಟ್ಟಡಗಳು ಅಡ್ಡಲಾಗಿ ಮಲಗಿರುವ ಒಂದು ಲೋಕವಿದೆ. ಅಲ್ಲೊಬ್ಬ ಹಿತೈಷಿ ಮುದುಕ, ಒಬ್ಬ ಕೆಣಕುವ ಬಿಳಿಯ ಇಚಿಗೊ. ಮುದುಕನನ್ನು ವಿವೇಕ, ಬಿಳಿಯವನನ್ನು ಹದಿಹರೆಯದ ಆವೇಶವೆಂದು ಅಭಿಮಾನಿಗಳು ವರ್ಷಗಟ್ಟಲೆ ಓದಿದರು. ಕೊನೆಯ ಭಾಗದಲ್ಲಿ ಕುಬೊ ಅದನ್ನು ತಲೆಕೆಳಗು ಮಾಡಿದ. ಇಚಿಗೊನ ಖಡ್ಗದ ನಿಜವಾದ ಆತ್ಮ ಆ ಬಿಳಿಯವನದೇ. ಮುದುಕ ತಾಯಿಯ ಕಡೆಯಿಂದ ಬಂದ ಬೇರೊಂದು ಶಕ್ತಿಯ ರೂಪ. ಗೋ ನಗಾಯ್‌ನ ‘ಡೆವಿಲ್‌ಮ್ಯಾನ್’ ಮಾಂಗಾ 1972ರದು. 2018ರಲ್ಲಿ ಮಸಾಕಿ ಯುಆಸ ಅದನ್ನು ‘ಡೆವಿಲ್‌ಮ್ಯಾನ್ ಕ್ರೈಬೇಬಿ’ ಎಂಬ ಹತ್ತು ಕಂತುಗಳ ಅನಿಮೆಯಾಗಿಸಿದಾಗ, ರಾಕ್ಷಸ ಹೊಕ್ಕ ಅಕಿರಾನ ಹಸಿವು, ಕಾಮ, ಹೆಗಲು ಹರವಾಗುವುದು ಎಲ್ಲವನ್ನೂ ಪ್ರಾಯದ ಲಕ್ಷಣಗಳಾಗಿಯೇ ತೋರಿಸಿದ.

ಈ ಎಲ್ಲ ಓದುಗಳ ಎದುರಿಗೆ ಜಪಾನೀಯರೇ ಹಿಡಿದ ಕನ್ನಡಿಯೊಂದಿದೆ. ರೇಡಿಯೊ ನಿರೂಪಕ ಹಿಕಾರು ಇಜುಯಿನ್ 1999ರಲ್ಲಿ ತಮ್ಮ ತಡರಾತ್ರಿಯ ಕಾರ್ಯಕ್ರಮದಲ್ಲಿ ‘ಚೂನಿಬ್ಯೋ’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಮಾಧ್ಯಮಿಕ ಶಾಲೆಯ ಎರಡನೆಯ ವರ್ಷದ ಮಕ್ಕಳು ತೊಡುವ ಅತಿಶಯದ ಭಂಗಿಗಳಿಗೆ ಅದು ಹೆಸರಾಯಿತು. ಕ್ರಮೇಣ ಅದರ ಅರ್ಥ ಹಿಗ್ಗಿ, ತನ್ನೊಳಗೊಂದು ಗುಪ್ತಶಕ್ತಿಯಿದೆ, ಕೈಗೆ ಕಟ್ಟಿದ ಪಟ್ಟಿಯ ಕೆಳಗೆ ಮುದ್ರೆಹಾಕಿದ ಭೂತವಿದೆ ಎಂದೆಲ್ಲ ನಟಿಸುವ ಮಕ್ಕಳನ್ನೂ ಒಳಗೊಂಡಿತು. 2012ರಲ್ಲಿ ಕ್ಯೋಟೊ ಅನಿಮೇಶನ್ ಇದನ್ನೇ ವಸ್ತುವಾಗಿಟ್ಟು ಒಂದು ಸರಣಿ ತಂದಿತು. ಹಳೆಯ ಭಂಗಿಗಳನ್ನು ನೆನೆದು ನಾಚಿ, ಯಾರಿಗೂ ತಿಳಿಯಬಾರದೆಂದು ದೂರದ ಹೈಸ್ಕೂಲು ಸೇರುವ ಹುಡುಗ ಅದರ ನಾಯಕ. ಅನಿಮೆಯ ಒಳಗಿನ ಇನ್ನೊಬ್ಬ ಹದಿಹರೆಯದ ಸಂಕೇತ ಎಂದು ವಿದ್ವಾಂಸರು ಸಾಧಿಸುವ ಮೊದಲೇ, ಹದಿಹರೆಯದವರು ಆ ಇನ್ನೊಬ್ಬನನ್ನು ಧರಿಸಿ ಶಾಲೆಗೆ ಹೋಗಿಯಾಗಿತ್ತು.

ದನಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. 1998ರ ಅನಿಮೆಯಲ್ಲಿ ಇಬ್ಬರು ಯೂಗಿಗಳಿಗೂ ಕಂಠ ಕೊಟ್ಟವರು ಮೆಗುಮಿ ಒಗಾತ. ಅದಕ್ಕೆ ಮೂರು ವರ್ಷ ಮೊದಲು ‘ಇವಾಂಜೆಲಿಯನ್’ ಅನಿಮೆಯ ನಾಯಕ, ಹದಿನಾಲ್ಕು ವರ್ಷದ ಶಿಂಜಿಗೆ ದನಿಯಾಗಿದ್ದವರೂ ಅವರೇ. 2000ದ ಸರಣಿಗೆ ಆಯ್ಕೆಯಾದ ಶುನ್‌ಸುಕೆ ಕಝಾಮ ಹುಟ್ಟಿದ್ದು 1983ರ ಜೂನಿನಲ್ಲಿ. ಆಗ ಅವರಿಗೆ ಹದಿನಾರು, ಹೆಚ್ಚುಕಡಿಮೆ ಯೂಗಿಯದೇ ವಯಸ್ಸು. ಅದೇ ಹೊತ್ತಿಗೆ ಅವರು ‘ಕಿನ್ಪಾಚಿ ಸೆನ್ಸೆಯ್’ ಟಿವಿ ನಾಟಕದಲ್ಲಿ, ಶಿಕ್ಷಕರ ಮುಂದೆ ಮಾದರಿ ವಿದ್ಯಾರ್ಥಿ, ಬೆನ್ನ ಹಿಂದೆ ಕ್ರೂರಿಯಾದ ಹುಡುಗನಾಗಿ ಅಭಿನಯಿಸಿ ಹೆಸರು ಮಾಡಿದ್ದರು. ಅತೆಮ್ ಬಾಗಿಲು ದಾಟಿದ ಕಂತುಗಳಿಗೆ ದನಿ ಕೊಡುವಾಗ ಅವರಿಗೆ ಇಪ್ಪತ್ತೊಂದು. ಒಬ್ಬ ನಟನ ಸ್ವಂತ ಹದಿಹರೆಯ ಹೀಗೆ 224 ಕಂತುಗಳ ಉದ್ದಕ್ಕೂ ದಾಖಲಾಗಿದೆ. ಮೊದಲ ಕಂತುಗಳನ್ನೂ ಕೊನೆಯವನ್ನೂ ಒಟ್ಟಿಗೆ ಕೇಳಿದರೆ ಇಬ್ಬರು ಯೂಗಿಗಳ ದನಿಯೂ ಮಾಗಿರುವುದು ತಿಳಿಯುತ್ತದೆ.

2016ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ದ ಡಾರ್ಕ್ ಸೈಡ್ ಆಫ್ ಡೈಮೆನ್ಶನ್ಸ್’ ಚಿತ್ರದ ಕಥೆಯನ್ನು ತಕಹಾಶಿಯೇ ಬರೆದರು. ಅತೆಮ್ ಹೋದ ಮೇಲಿನ ಕಾಲ ಅದು. ಹೈಸ್ಕೂಲು ಮುಗಿಯುತ್ತ ಬಂದಿದೆ, ಯೂಗಿಗೆ ಆಟಗಳನ್ನು ರೂಪಿಸುವ ಕೆಲಸಕ್ಕೆ ಹೋಗುವ ಆಸೆ. ಅತೆಮ್ ಇಲ್ಲವೆಂಬುದನ್ನು ಒಪ್ಪದವನು ಕೈಬಾ ಒಬ್ಬನೇ. ಅವನು ಅಗಾಧ ಹಣ ಸುರಿದು ಒಗಟನ್ನು ನೆಲದಡಿಯಿಂದ ಅಗೆಸಿ ತೆಗೆಸುತ್ತಾನೆ. ಯೂಗಿ ಅದನ್ನು ಜೋಡಿಸಿ, ಒಳಗೆ ಯಾರೂ ಇಲ್ಲವೆಂದು ತೋರಿಸುತ್ತಾನೆ. ಕೈಬಾ ಆಗಲೂ ನಂಬುವುದಿಲ್ಲ. ಬೆಳೆದ ಹುಡುಗನನ್ನೂ ಬೆಳೆಯಲೊಲ್ಲದ ಹುಡುಗನನ್ನೂ ಒಂದೇ ಮೇಜಿನ ಎರಡು ಕಡೆ ಕೂರಿಸಿದ ಈ ದೃಶ್ಯ, ನಾಲ್ಕನೆಯ ವ್ಯಾಖ್ಯಾನಕ್ಕೆ ಕರ್ತೃವೇ ಹಾಕಿದ ಸಹಿಯಂತಿದೆ.

ತಕಹಾಶಿ 2022ರ ಜುಲೈನಲ್ಲಿ ಒಕಿನಾವದ ಸಮುದ್ರದಲ್ಲಿ ತೀರಿಕೊಂಡರು. ಅವರಿಗೆ ಅರವತ್ತು ವರ್ಷ. ಅಲೆಯ ಸೆಳೆತಕ್ಕೆ ಸಿಕ್ಕವರನ್ನು ಉಳಿಸಲು ನೀರಿಗಿಳಿದಿದ್ದರೆಂದು ಆಮೇಲೆ ವರದಿಯಾಯಿತು. ಅವರ ಕೃತಿಯನ್ನು ಟಿವಿ ಸರಣಿಯ ಮೂಲಕ ಮಾತ್ರ ಬಲ್ಲವರು ಮಾಂಗಾದ ಮೊದಲ ಏಳು ಸಂಪುಟಗಳನ್ನೂ ಕೊನೆಯ ಸಂಪುಟವನ್ನೂ ತಪ್ಪದೆ ಓದಬೇಕು. ಅರಸ ಯಾರೆಂಬ ಚರ್ಚೆಗೆ ಇಳಿಯುವವರು ಅಲ್ಲಿಂದಲೇ ಶುರುಮಾಡುವುದು ಲೇಸು.